ಆಲಿವ್ ಗುಳಿಗೆಯೂ ಬ್ಯಾಡಗಿಯ ಕೆಂಪೂ

ಹಿತ್ತಲ ಗಿಡ ಮದ್ದಲ್ಲ ಎಂಬುದು ಹಳೆಯ ಗಾದೆ. ಕಡಲಾಚೆಯ ಗಿಡವೆಲ್ಲವೂ ಮದ್ದು ಎಂಬುದು ಅದಕ್ಕೆ ಈಚೆಗೆ ಅಂಟಿಕೊಂಡ ಬಾಲಂಗೋಚಿ. ನಮ್ಮ ಹಾವೇರಿ ಸೀಮೆಯ ಹೊಲಗಳಲ್ಲಿ ಆಲಿವ್ ಬೆಳೆಯುವುದಿಲ್ಲ. ಆದರೂ ಅದರ ಎಣ್ಣೆಯ ಬಾಟಲಿ ನಮ್ಮ ಅಂಗಡಿಗಳಿಗೆ ಬಂದು ಬಹಳ ವರ್ಷಗಳಾದವು. ಈಗ ಅದರ ಸಾರವು ಗುಳಿಗೆಯ ರೂಪ ತಾಳಿ, ತೂಕ ಇಳಿಸುತ್ತೇನೆ, ಸಕ್ಕರೆ ತಗ್ಗಿಸುತ್ತೇನೆ ಎಂಬ ಆಶ್ವಾಸನೆಯೊಂದಿಗೆ ಮನೆಬಾಗಿಲಿಗೇ ಬರುತ್ತಿದೆ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಾದ್ದರಿಂದ ನಿವೃತ್ತನಾದ ಮೇಲೂ ಜನ ನನ್ನನ್ನು ಪ್ರಶ್ನೆ ಕೇಳುವುದನ್ನು ಬಿಟ್ಟಿಲ್ಲ. ಈಚೆಗೆ ರಾಣೇಬೆನ್ನೂರಿನಲ್ಲಿರುವ ಹಳೆಯ ಸಹೋದ್ಯೋಗಿಯೊಬ್ಬರು ಅಂಥದೊಂದು ಡಬ್ಬಿಯನ್ನು ನನ್ನ ಕೈಗಿತ್ತು, “ಸರ್, ತಿಂಗಳಿಗೆ ಎರಡು ಸಾವಿರ ಬೀಳತೈತಿ. ಆದರ ಹೊಟ್ಟಿ ತಾನ ಕರಗತೈತಂತ. ಏನಂತೀರಿ?” ಎಂದರು. ನಾನು ಉತ್ತರಿಸುವ ಮೊದಲೇ, “ಸಕ್ಕರಿ ಗುಳಿಗಿ ಸಂಜಿಂದು ಬಿಟ್ಟೇನ್ರಿ” ಎಂದೂ ಸೇರಿಸಿದರು. ಮೊದಲ ಮಾತು ದುಡ್ಡಿಗೆ ಸಂಬಂಧಿಸಿದ್ದು. ಎರಡನೆಯದು ಜೀವಕ್ಕೆ ಸಂಬಂಧಿಸಿದ್ದು. ಆದ್ದರಿಂದಲೇ ಈ ಬರಹ.

ಆಂಟಿಆಕ್ಸಿಡೆಂಟ್ ಎಂಬುದಕ್ಕೆ ಪಠ್ಯಪುಸ್ತಕದ ಕನ್ನಡದಲ್ಲಿ ಉತ್ಕರ್ಷಣ ನಿರೋಧಕ ಎನ್ನುತ್ತಾರೆ. ಹೆಸರು ಭಾರವಾದರೂ ವಿಷಯ ಹಗುರವಾದದ್ದು. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು, ಎಣ್ಣೆ ಕಮಟಾಗುವುದು, ಇವೆಲ್ಲ ಉತ್ಕರ್ಷಣದ ಕೆಲಸಗಳು. ನಮ್ಮ ದೇಹದೊಳಗೂ ಆ ಕ್ರಿಯೆ ಸದಾ ನಡೆಯುತ್ತಿರುತ್ತದೆ. ಅದನ್ನು ತಡೆಯುವ ಪದಾರ್ಥಗಳು ಸಸ್ಯಗಳಲ್ಲಿ ಹೇರಳವಾಗಿವೆ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಬ್ಯಾಡಗಿಯ ಮಾರುಕಟ್ಟೆಗೆ ಹೋದರೆ ಸಾಕು.

ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದರ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ. ಕ್ಯಾರೆಟ್ಟಿನ ಬೀಟಾ ಕ್ಯಾರೊಟೀನಿಗೆ ಅದು ದಾಯಾದಿ. ಅದೂ ಒಂದು ಉತ್ಕರ್ಷಣ ನಿರೋಧಕವೇ. ಗಾಳಿ ಬೆಳಕಿಗೆ ತೆರೆದಿಟ್ಟ ಮೆಣಸಿನಕಾಯಿ ತಿಂಗಳುಗಳು ಉರುಳಿದಂತೆ ಬಿಳಚಿಕೊಳ್ಳುವುದನ್ನು ನಮ್ಮ ಹೆಣ್ಣುಮಕ್ಕಳೆಲ್ಲ ಬಲ್ಲರು. ಆಮ್ಲಜನಕದ ಪೆಟ್ಟನ್ನು ಆ ಬಣ್ಣವು ತಾನೇ ತಿಂದು ಮಾಸುತ್ತದೆ. ಬ್ಯಾಡಗಿಯ ಸುತ್ತ ಇಷ್ಟೊಂದು ಶೀತಲಗೃಹಗಳು ಎದ್ದು ನಿಂತಿರುವುದಕ್ಕೆ ಈ ಬಣ್ಣವನ್ನು ಕಾಯ್ದುಕೊಳ್ಳುವುದೂ ಒಂದು ಕಾರಣ.

ಆಲಿವ್ ಹಣ್ಣಿನಲ್ಲಿ ಇದೇ ಕೆಲಸ ಮಾಡುವುದು ಓಲ್ಯೂರೋಪೀನ್ ಮತ್ತು ಹೈಡ್ರಾಕ್ಸಿಟೈರೊಸಾಲ್ ಎಂಬ ಪದಾರ್ಥಗಳು. ಹಸಿ ಆಲಿವ್ ಬಾಯಿಗಿಡಲಾರದಷ್ಟು ಕಹಿಯಾಗಿರುವುದು ಮೊದಲನೆಯದರ ಮಹಿಮೆ. ಇವು ಪೊಳ್ಳು ಎಂದು ನಾನು ಹೇಳಲಾರೆ. ದಿನಕ್ಕೆ 5 ಮಿಲಿಗ್ರಾಂ ಹೈಡ್ರಾಕ್ಸಿಟೈರೊಸಾಲ್ ಮತ್ತು ಅದರ ಬಳಗದ ಪದಾರ್ಥಗಳು ರಕ್ತದಲ್ಲಿನ ಕೊಬ್ಬನ್ನು ಉತ್ಕರ್ಷಣದಿಂದ ಕಾಪಾಡುತ್ತವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2011ರಲ್ಲಿ ಒಪ್ಪಿಕೊಂಡಿತು. ಆದರೆ ಆ ಒಪ್ಪಿಗೆಯ ಮಾತಿನಲ್ಲಿ ಹೊಟ್ಟೆ ಕರಗುವ ಪ್ರಸ್ತಾಪವಿಲ್ಲ. ಸ್ಪೇನ್ ದೇಶದಲ್ಲಿ ಸುಮಾರು 7,400 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾಗಿ, ದೋಷಗಳನ್ನು ತಿದ್ದಿಕೊಂಡು 2018ರಲ್ಲಿ ಮರುಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿ ಆಲಿವ್ ಎಣ್ಣೆ ಬಳಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ಆಪತ್ತುಗಳು ಸುಮಾರು ಶೇಕಡಾ 30ರಷ್ಟು ಕಡಿಮೆಯಾದುವು. ಆದರೆ ಅವರು ಗುಳಿಗೆ ನುಂಗಿದವರಲ್ಲ. ತರಕಾರಿ, ಹಣ್ಣು, ಕಾಳು, ಮೀನುಗಳ ಊಟದೊಂದಿಗೆ ಎಣ್ಣೆಯನ್ನು ಉಂಡವರು.

ಊಟದಿಂದ ಒಂದು ಪದಾರ್ಥವನ್ನು ಹೆಕ್ಕಿ ಗುಳಿಗೆ ಮಾಡಿದರೆ ಏನಾಗಬಹುದು? ಫಿನ್ಲೆಂಡಿನ ಅನುಭವ ಕೇಳಿ. ಅಲ್ಲಿ ಧೂಮಪಾನಿಗಳಾದ 29,133 ಗಂಡಸರನ್ನು ಆರಿಸಿ, ಅವರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟೀನ್ ಕೊಟ್ಟರು. ಶ್ವಾಸಕೋಶದ ಕ್ಯಾನ್ಸರ್ ತಗ್ಗೀತೆಂಬ ನಿರೀಕ್ಷೆ. 1994ರಲ್ಲಿ ಫಲಿತಾಂಶ ಬಂದಾಗ ಗುಳಿಗೆ ತಿಂದವರಲ್ಲೇ ಆ ರೋಗ ಶೇಕಡಾ 18ರಷ್ಟು ಹೆಚ್ಚಾಗಿತ್ತು. ಗಜ್ಜರಿಯನ್ನು ತಿನ್ನುವುದು ಬೇರೆ, ಗಜ್ಜರಿಯ ಸಾರವನ್ನು ನುಂಗುವುದು ಬೇರೆ ಎಂಬ ಪಾಠ ಅದು. ಆಲಿವ್ ಗುಳಿಗೆಯೂ ಹಾಗೆಯೇ ಕೇಡು ಮಾಡುತ್ತದೆಂದು ನನ್ನ ವಾದವಲ್ಲ. ಊಟದಲ್ಲಿ ಕಂಡ ಗುಣವನ್ನು ಗುಳಿಗೆಯ ಲೆಕ್ಕಕ್ಕೆ ಬರೆದುಕೊಳ್ಳಬಾರದು ಎಂಬುದಷ್ಟೇ ನನ್ನ ಮಾತು.

ಇನ್ನು ತೂಕದ ವಿಚಾರ. ಆಲಿವ್ ಎಣ್ಣೆಯಾಗಲಿ, ಶೇಂಗಾ ಎಣ್ಣೆಯಾಗಲಿ, ಕುಸುಬೆ ಎಣ್ಣೆಯಾಗಲಿ, ಒಂದು ಗ್ರಾಮಿಗೆ 9 ಕಿಲೋ ಕ್ಯಾಲರಿ. ಒಂದು ದೊಡ್ಡ ಚಮಚಕ್ಕೆ ಸುಮಾರು 120. ಅದನ್ನು ಕರಗಿಸಲು ಅರ್ಧ ಗಂಟೆಯಾದರೂ ನಡೆಯಬೇಕು. ಆಲಿವ್ ಎಣ್ಣೆಯಲ್ಲಿ ಹೆಚ್ಚಾಗಿರುವ ಓಲಿಯಿಕ್ ಆಮ್ಲವೇ ನಮ್ಮ ಶೇಂಗಾ ಎಣ್ಣೆಯಲ್ಲೂ ಹೆಚ್ಚುಕಡಿಮೆ ಅರ್ಧದಷ್ಟಿದೆ. ಆಲಿವ್‌ನ ಕಹಿಸತ್ತ್ವ ಅದರಲ್ಲಿಲ್ಲ, ನಿಜ. ಆದರೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಪುಂಡಿ ಸೊಪ್ಪು, ಹಸಿ ಮೆಂತ್ಯ, ಅಗಸಿ ಚಟ್ನಿ ಇರುವ ತಾಟಿನಲ್ಲಿ ಉತ್ಕರ್ಷಣ ನಿರೋಧಕಗಳಿಗೆ ಬರಗಾಲವಿಲ್ಲ. ನಮ್ಮ ತೂಕ ಏರಿದ್ದು ಆಲಿವ್ ಇಲ್ಲದ್ದರಿಂದಲ್ಲ. ಹೊಲದ ದುಡಿಮೆ ತಪ್ಪಿತು, ಉಣ್ಣುವ ಪ್ರಮಾಣ ತಪ್ಪಲಿಲ್ಲ. ಮೇಲೆ ಸಂಜೆಯ ಮಿರ್ಚಿ ಭಜಿ ಬೇರೆ.

ಇಷ್ಟನ್ನೂ ಸಹೋದ್ಯೋಗಿಗೆ ಹೇಳಿದೆ. ಡಬ್ಬಿಯನ್ನು ಬಿಡುವುದು, ಇಟ್ಟುಕೊಳ್ಳುವುದು ನಿಮ್ಮ ಇಷ್ಟ. ಸಂಜೆಯ ಗುಳಿಗೆಯನ್ನು ಮಾತ್ರ ವೈದ್ಯರನ್ನು ಕೇಳದೆ ಬಿಡಬೇಡಿ ಎಂದೆ. ಮರುದಿನ ಇಬ್ಬರೂ ಅವರ ವೈದ್ಯರಲ್ಲಿಗೆ ಹೋದೆವು. ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸಕ್ಕರೆಯ ಸರಾಸರಿ ಏರಿತ್ತು. ತೂಕ ಇದ್ದಲ್ಲೇ ಇತ್ತು. ಅವರೀಗ ಸಂಜೆಯ ಗುಳಿಗೆಯನ್ನು ಮತ್ತೆ ಸೇವಿಸುತ್ತಿದ್ದಾರೆ, ಬೆಳಗ್ಗೆ ನಡೆಯಲೂ ಹೋಗುತ್ತಿದ್ದಾರೆ.

ಓದುಗ ಮಿತ್ರರೇ, ಆಲಿವ್ ಎಣ್ಣೆ ಕೊಳ್ಳುವ ಶಕ್ತಿಯಿದ್ದು ಅದರ ರುಚಿ ಹಿಡಿಸಿದರೆ ಧಾರಾಳವಾಗಿ ಬಳಸಿರಿ. ಆದರೆ ಈಗಿರುವ ಎಣ್ಣೆಯ ಬದಲಿಗೆ ಬಳಸಿರಿ, ಅದರ ಮೇಲೆ ಅಲ್ಲ. ನಾಳೆ ಯಾರಾದರೂ ನಮ್ಮ ಬ್ಯಾಡಗಿಯ ಕೆಂಪನ್ನೇ ಗುಳಿಗೆ ಮಾಡಿ ತಂದು ತೂಕ ಇಳಿಯುತ್ತದೆಂದರೂ, ಊರಿನ ಅಭಿಮಾನ ಎಷ್ಟೇ ಇರಲಿ, ಮೊದಲು ಪುರಾವೆ ಕೇಳಿರಿ. ವೈದ್ಯರು ಬರೆದುಕೊಟ್ಟ ಔಷಧವನ್ನು ಯಾವ ಜಾಹೀರಾತಿನ ಮಾತಿಗೂ ನಿಲ್ಲಿಸದಿರಿ.