ಅಯ್ಯನಕೆರೆಯ ಬಾಲಂಗೋಚಿಗಳು

ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲಿ ಸಖರಾಯಪಟ್ಟಣ. ಅದರ ಹತ್ತಿರವೇ ಶಕುನಗಿರಿಯ ಬುಡದಲ್ಲಿ ಅಯ್ಯನಕೆರೆ. ರುಕ್ಮಾಂಗದರಾಯ ಕಟ್ಟಿಸಿದನೆಂದು ಪ್ರತೀತಿ. 1156ರಲ್ಲಿ, ಹೊಯ್ಸಳರ ಕಾಲದಲ್ಲಿ, ಜೀರ್ಣೋದ್ಧಾರವಾಯಿತಂತೆ. ಸುತ್ತ ಗುಡ್ಡ, ನಡುವೆ ನೀರು. ಬುತ್ತಿ ಕಟ್ಟಿಕೊಂಡು ಹೋಗಲು ಹೇಳಿ ಮಾಡಿಸಿದ ಜಾಗ.

ರಜೆಗೆ ಬಂದಿದ್ದ ಅಕ್ಕನ ಮಗ ಅಲ್ಲಿಗೊಂದು ಹೊಸ ಆಟ ತಂದ. ಹೆಸರು ಜಿಯೋಕ್ಯಾಶಿಂಗ್. 2000ದ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಒಬ್ಬರು ಡಬ್ಬಿ ಬಚ್ಚಿಟ್ಟು ಜಾಗದ ಗುರುತಿನ ಅಂಕಿ ಕೊಡಬೇಕು. ಉಳಿದವರು ಮೊಬೈಲ್ ನೋಡಿಕೊಂಡು ಹುಡುಕಬೇಕು. ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಅಲ್ಲೇ ಇಡಬೇಕು. ನಾವು ನೀರಿನಿಂದ ದೂರ, ಒಂದು ಮರದ ಬುಡದಲ್ಲಿ ಇಟ್ಟೆವು.

ಬೆನ್ನು ಹತ್ತಿದ ಚಿಳ್ಳೆಪಿಳ್ಳೆಗಳನ್ನು ಅವನು "ಬಾಲಂಗೋಚಿಗಳು" ಅಂದ. ಅವನ ಪುಟ್ಟ ತಂಗಿಯ ಮುಖ ಸಣ್ಣಗಾಯಿತು. "ನಾನು ಬರಲ್ಲ ಚಿಕ್ಕಮ್ಮ" ಅಂತ ಕೂತೇ ಬಿಟ್ಟಳು.

"ಬಾಲಂಗೋಚಿ ಇಲ್ಲದ ಗಾಳಿಪಟ ಗಿರಕಿ ಹೊಡೆದು ಬೀಳುತ್ತೆ ಕಣೇ" ಅಂದೆ. ಎದ್ದಳು.

ಆಮೇಲೆ ಕೆಲಸ ನೋಡಿ ಹೆಸರಿಟ್ಟೆವು. ಪೊದೆಯಲ್ಲಿ ಇಣುಕುವ ಅವಳು ಹದ್ದಿನಕಣ್ಣಿ, ಬುತ್ತಿ ಕಾಯುವವನು ಉಗ್ರಾಣಿ, ಎಲ್ಲರನ್ನೂ ಪ್ರಶ್ನೆ ಕೇಳುವವನು ಪಟೇಲ. ಡಬ್ಬಿ ಮೊದಲು ಕಂಡದ್ದು ಹದ್ದಿನಕಣ್ಣಿಗೇ! ನೆಲಕ್ಕೆ ಹತ್ತಿರದ ಕಣ್ಣಲ್ಲವೇ?

ಸೋದರಿಯರೇ, ಗುಂಡ, ಕಡ್ಡಿ, ಕರಿಯ ಅಂತ ಮೈ ನೋಡಿ ಇಟ್ಟ ಹೆಸರು ಮದುವೆಯಾದರೂ ಬಿಡುವುದಿಲ್ಲ, ಒಳಗೇ ಚುಚ್ಚುತ್ತಿರುತ್ತದೆ. ತಮಾಷೆಗೆ ಹೆಸರಿಡುವುದಾದರೆ ಮಗುವಿನ ಕೈಗುಣ, ಕಣ್ಗುಣ ನೋಡಿ ಇಡಿ. ಮುಂದಿನ ಸಲ ಕರೆಯುವ ಮೊದಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ.