ಮೂರು ಹಸಿರು ದೀಪ

ಪೈಪರ್ ಆರೋ ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ಪುಟ್ಟ ವಿಮಾನ. ಹಾರುವಾಗ ಚಕ್ರಗಳನ್ನು ಒಳಗೆ ಮಡಚಿಕೊಳ್ಳುತ್ತದೆ. ಇಳಿಯುವ ಮುಂಚೆ ಗೇರ್ ಸ್ವಿಚ್ಚನ್ನು ಕೆಳಗೆ ಮಾಡಿದರೆ ಮೂರೂ ಚಕ್ರ ಹೊರಬಂದು ಲಾಕ್ ಆಗಬೇಕು, ಚಕ್ರಕ್ಕೊಂದರಂತೆ ಮೂರು ಹಸಿರು ದೀಪ ಹತ್ತಬೇಕು. ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯ ಮೇಲೆ ಒಂದು ಬೆಳಿಗ್ಗೆ ನಾನು ಸ್ವಿಚ್ ಇಳಿಸಿದಾಗ ಒಂದೂ ಹತ್ತಲಿಲ್ಲ.

ಪಕ್ಕದಲ್ಲಿ ಹಾಸನದಿಂದ ಬಂದಿದ್ದ ಭಾವಮೈದ ಕೂತಿದ್ದ. ಅವನಿಗೆ ನನ್ನ ಪ್ರತಾಪ ತೋರಿಸಬೇಕೆಂದೇ ಕ್ಲಬ್ಬಿನ ವಿಮಾನ ಬಾಡಿಗೆಗೆ ತಂದಿದ್ದೆ. ಟವರಿಗೆ ವಿಷಯ ತಿಳಿಸಿ, ರನ್‌ವೇಯಿಂದ ದೂರ ಹೋಗಿ 2,000 ಅಡಿಯಲ್ಲಿ ಸುತ್ತು ಹಾಕತೊಡಗಿದೆ. ಅಲ್ಲಿಯವರೆಗೂ ಸರಿಯಾಗಿಯೇ ನಡೆದುಕೊಂಡೆ. ಆಮೇಲೆ ತಲೆ ತುಂಬ ಬರೀ ಖರ್ಚಿನ ಲೆಕ್ಕ. ಹೊಟ್ಟೆಯ ಮೇಲೆ ಇಳಿಸಿದರೆ ಪ್ರೊಪೆಲರ್ ಬಾಗುತ್ತದೆ, ಎಂಜಿನ್ ಬಿಚ್ಚಿಸಬೇಕು, ಇನ್ಶೂರೆನ್ಸ್‌ನವರಿಗೆ ಉತ್ತರ ಕೊಡಬೇಕು, ಕ್ಲಬ್ಬಿನಲ್ಲಿ ಮುಖ ತೋರಿಸುವುದು ಹೇಗೆ?

ಆರೋದಲ್ಲಿ ಈ ಬಲ್ಬುಗಳನ್ನು ಕೈಯಲ್ಲೇ ಕಿತ್ತು ಅದಲು ಬದಲು ಮಾಡಬಹುದು. ಮೂರೂ ಒಟ್ಟಿಗೆ ಸುಟ್ಟುಹೋಗಲು ಹೇಗೆ ಸಾಧ್ಯ ಎಂದು ಒಂದು ಕ್ಷಣ ಯೋಚಿಸಬಹುದಿತ್ತು. ಯೋಚಿಸಲಿಲ್ಲ. ಒಂದನ್ನು ಕಿತ್ತೆ, ಅಂಗಿಗೆ ಒರೆಸಿದೆ, ಅದು ಬೆರಳಿಂದ ಜಾರಿ ಪೆಡಲ್‌ಗಳ ಕಡೆ ಉರುಳಿತು. ಬಗ್ಗಿ ತಡಕಾಡತೊಡಗಿದೆ.

"ಭಾವ, ಆ ತೋಟ ಆಗ್ಲೂ ಇಷ್ಟು ಹತ್ರ ಇತ್ತಾ?"

ತಲೆ ಎತ್ತಿದರೆ ಆಲ್ಟಿಮೀಟರ್ 700 ಅಡಿಯಲ್ಲಿತ್ತು. ಎಡ ರೆಕ್ಕೆ ವಾಲಿತ್ತು. ಬಾದಾಮಿ ಮರಗಳ ಸಾಲಿನ ನಡುವೆ ನಿಂತ ಟ್ರ್ಯಾಕ್ಟರಿನ ಬಣ್ಣ ಕೂಡ ಕಾಣುತ್ತಿತ್ತು. ರೆಕ್ಕೆ ಸಮ ಮಾಡಿ, ಥ್ರಾಟಲ್ ಒತ್ತಿ ಮೇಲೇರಿದೆ. ಕೈ ನಡುಗುತ್ತಿತ್ತು.

ಈ ವಿಮಾನದ ಚಕ್ರಗಳನ್ನು ಮೇಲೆ ಹಿಡಿದಿಡುವುದು ಹೈಡ್ರಾಲಿಕ್ ಒತ್ತಡ. ಸೀಟುಗಳ ನಡುವಿನ ಎಮರ್ಜೆನ್ಸಿ ಲಿವರ್ ಒತ್ತಿ ಆ ಒತ್ತಡ ಬಿಟ್ಟರೆ ತಮ್ಮ ಭಾರಕ್ಕೇ ಇಳಿಯುತ್ತವೆ. ವೇಗ ತಗ್ಗಿಸಿ ಲಿವರ್ ಒತ್ತಿದೆ, ರಡ್ಡರ್ ಒದ್ದು ವಿಮಾನದ ಮೂತಿಯನ್ನು ಅತ್ತಿತ್ತ ಆಡಿಸಿದೆ. ಟವರಿನ ಮುಂದೆ ಹಾದಾಗ ಚಕ್ರ ಹೊರಗಿರುವಂತೆ ಕಾಣುತ್ತಿದೆ ಎಂದರು. ಲಾಕ್ ಆಗಿದೆಯೋ ಇಲ್ಲವೋ ನೆಲದಿಂದ ಹೇಳಲಾಗದು. ಉಸಿರು ಬಿಗಿಹಿಡಿದು ಇಳಿಸಿದೆ. ಏನೂ ಆಗಲಿಲ್ಲ. ಫೈರ್ ಎಂಜಿನ್ ಪಕ್ಕದಲ್ಲೇ ಬಂದು ವಾಪಸ್ ಹೋಯಿತು.

ಮೆಕ್ಯಾನಿಕ್ ಬಂದು ಬಾಗಿಲಿಂದ ಒಳಗೆ ಬಾಗಿ ಒಂದು ಸ್ವಿಚ್ ಆರಿಸಿದ. ಎರಡು ದೀಪ ಹಸಿರಾಗಿ ಬೆಳಗಿದವು. ಮೂರನೆಯದು ನನ್ನ ಕಾಲ ಕೆಳಗಿತ್ತು.

ಅದು ನ್ಯಾವಿಗೇಶನ್ ಲೈಟಿನ ಸ್ವಿಚ್. ಬೆಳಕು ಹರಿಯುವ ಮುಂಚೆ ಹೊರಟಾಗ ಹಾಕಿ, ಆರಿಸಲು ಮರೆತಿದ್ದೆ. ಅದು ಹತ್ತಿದ್ದರೆ ಗೇರ್ ದೀಪಗಳು ರಾತ್ರಿ ಕಣ್ಣಿಗೆ ಚುಚ್ಚದಂತೆ ತಾವೇ ಮಂಕಾಗುತ್ತವೆ. ಹಗಲಲ್ಲಿ ಕಾಣುವುದೇ ಕಷ್ಟ. ಹಸಿರು ಕಾಣದಿದ್ದರೆ ಮೊದಲು ಆ ಸ್ವಿಚ್ ನೋಡಿ ಎಂದು ವಿಮಾನದ ಕೈಪಿಡಿಯಲ್ಲೇ ಇದೆ. ನಾನು ಅದನ್ನು ಓದಿದ್ದೆ ಕೂಡ.

ದೊಡ್ಡ ವಿಮಾನಗಳೂ ಹೀಗೆ ಬಿದ್ದಿವೆ. 1972ರ ಡಿಸೆಂಬರ್ 29ರ ರಾತ್ರಿ ಮಯಾಮಿಯ ಹತ್ತಿರ ಈಸ್ಟರ್ನ್ ಏರ್‌ಲೈನ್ಸ್ 401ರಲ್ಲಿ ಮೂತಿಯ ಚಕ್ರದ ಬಲ್ಬು ಹತ್ತಲಿಲ್ಲ. ಕಾಕ್‌ಪಿಟ್ಟಿನವರೆಲ್ಲ ಬಲ್ಬಿಗೆ ಅಂಟಿಕೊಂಡರು. ಆಟೋಪೈಲಟ್ ಎತ್ತರ ಬಿಟ್ಟುಕೊಟ್ಟದ್ದು ಗೊತ್ತಾಗಲಿಲ್ಲ. ವಿಮಾನ ಎವರ್‌ಗ್ಲೇಡ್ಸ್ ಜೌಗಿಗೆ ಬಿದ್ದು 101 ಜನ ಸತ್ತರು. 1978ರಲ್ಲಿ ಪೋರ್ಟ್‌ಲ್ಯಾಂಡಿನ ಮೇಲೆ ಯುನೈಟೆಡ್ 173 ಗೇರಿನ ಚಿಂತೆಯಲ್ಲಿ ಸುತ್ತುತ್ತಲೇ ಇಂಧನ ಮುಗಿಸಿಕೊಂಡಿತು. 10 ಜನ ಸತ್ತರು. ಎರಡರಲ್ಲೂ ಚಕ್ರಗಳು ಇಳಿದೇ ಇದ್ದವು.

ಚಕ್ರವಿಲ್ಲದೆ ಇಳಿದ ಸಣ್ಣ ವಿಮಾನದಿಂದ ಜನ ಸಾಮಾನ್ಯವಾಗಿ ನಡೆದುಕೊಂಡೇ ಹೊರಬರುತ್ತಾರೆ. ನಾನು ಹೆದರಿದ್ದು ಆ ನಷ್ಟಕ್ಕೆ, ಆ ಅವಮಾನಕ್ಕೆ. ಅದನ್ನು ತಪ್ಪಿಸಿಕೊಳ್ಳುವ ಆತುರದಲ್ಲಿ ಇಬ್ಬರನ್ನೂ ತೋಟಕ್ಕೆ ಇಳಿಸಿಬಿಡುತ್ತಿದ್ದೆ.

ಈಗ ಏನೇ ಕೆಟ್ಟರೂ ಮೊದಲು ಎತ್ತರ ಹಿಡಿಯುತ್ತೇನೆ, ಇಂಧನ ಎಷ್ಟು ಹೊತ್ತಿಗೆ ಸಾಕೆಂದು ಬರೆದುಕೊಳ್ಳುತ್ತೇನೆ. ಪಕ್ಕದಲ್ಲಿರುವವರು ಮೊದಲ ಸಲ ವಿಮಾನ ಹತ್ತಿದವರಾದರೂ ಸರಿ, ಆಲ್ಟಿಮೀಟರ್ ತೋರಿಸಿ, ಮುಳ್ಳು ಕದಲಿದರೆ ಕೂಗಿ ಎನ್ನುತ್ತೇನೆ. ಆಮೇಲೆ ಕೈಪಿಡಿ ತೆರೆದು ಸಾಲು ಸಾಲಾಗಿ ಓದುತ್ತೇನೆ. ಬಲ್ಬಿಗೆ ಕೈ ಹಾಕುವ ಸರದಿ ಬರುವುದು ಅದೆಲ್ಲ ಮುಗಿದ ಮೇಲೆ.