ಸೇತುವೆ ದಾಟುವ ಮುನ್ನ

ಚದುರಂಗದ ಮಣೆಯ ಮುಂದೆ ಎಷ್ಟು ಹೊತ್ತು ಯೋಚಿಸುತ್ತ ಕುಳಿತರೂ ಎದುರಾಳಿಯ ಕುದುರೆ ತನ್ನ ಸರದಿ ಬರುವ ಮೊದಲು ಜಿಗಿದು ಬರುವುದಿಲ್ಲ. ವಿಡಿಯೊ ಆಟಗಳಲ್ಲಿಯೂ ಇಂಥದೊಂದು ಬಗೆಯಿದೆ. 1986ರ ಮೇ ತಿಂಗಳಲ್ಲಿ ಜಪಾನಿನಲ್ಲಿ ಬಿಡುಗಡೆಯಾದ 'ಡ್ರ್ಯಾಗನ್ ಕ್ವೆಸ್ಟ್' ಅಂಥ ಆಟಗಳಲ್ಲಿ ಹಿರಿಯದು. ಯೂಜಿ ಹೋರಿಯಿ ರೂಪಿಸಿದ ಈ ಆಟವೆಲ್ಲ ಅಡಗಿದ್ದುದು ಕೇವಲ 64 ಕಿಲೊಬೈಟುಗಳಲ್ಲಿ.

ಆಟಗಾರನೇ ಕಥಾನಾಯಕ. ಅವನು ಹೊರಡುವ ಅರಮನೆಯಿಂದ ನೀರಿನಾಚೆ ಕಣ್ಣು ಹಾಯಿಸಿದರೆ ಶತ್ರುವಿನ ಕೋಟೆಯೇ ಕಾಣುತ್ತದೆ. ಹೊಸಬ ಮೋಸಹೋಗುವುದು ಇಲ್ಲಿಯೇ. ಇಷ್ಟು ಹತ್ತಿರವಲ್ಲ ಎಂದು ಸಿಕ್ಕ ಸೇತುವೆ ದಾಟುತ್ತಾನೆ. ಆಚೆ ದಡದ ಪ್ರಾಣಿಗಳು ಎರಡು ಮೂರು ಏಟಿಗೇ ಅವನನ್ನು ಮಲಗಿಸುತ್ತವೆ. ಈ ಆಟದಲ್ಲಿ ಸೇತುವೆಯೆಂದರೆ ಎಚ್ಚರಿಕೆಯ ಫಲಕ.

ಆರಂಭದಲ್ಲಿ ಕೈಯಲ್ಲಿರುವುದು 120 ಚಿನ್ನದ ನಾಣ್ಯ. ತಾಮ್ರದ ಕತ್ತಿಗೆ 180 ಬೇಕು, ಆಸೆ ಬಿಡಬೇಕು. ದೊಣ್ಣೆಗೆ 60, ಬಟ್ಟೆಗೆ 20, ಗಾಯಕ್ಕೆ ಹಚ್ಚುವ ಮೂಲಿಕೆಗೆ 24. ಉಳಿದ 16 ಜೇಬಿನಲ್ಲಿರಲಿ. ಬರಿಗೈಯಲ್ಲಿ ಹಣ ಕೂಡಿಡುತ್ತೇನೆ ಎನ್ನುವ ಜಿಪುಣತನ ಇಲ್ಲಿ ನಡೆಯದು. ಮೊದಲಿಗೆ ಊರಿನ ಸುತ್ತಲೇ ಓಡಾಡಿ, ಲೋಳೆಯ ಮುದ್ದೆಯಂತಿರುವ ಸ್ಲೈಮ್‌ಗಳ ಜೊತೆ ಕಾದಾಡಬೇಕು. ಒಂದನ್ನು ಗೆದ್ದರೆ ಒಂದು ಅನುಭವಾಂಕ. 7 ಸೇರಿದರೆ ಎರಡನೆಯ ಹಂತ. ಬೇಸರದ ಕೆಲಸ, ನಿಜ. ಮಗ್ಗಿ ಬಾಯಿಪಾಠ ಮಾಡುವುದೂ ಹಾಗೆಯೇ. ಮೂರನೆಯ ಹಂತಕ್ಕೆ ಬಂದರೆ ಗಾಯ ವಾಸಿಮಾಡುವ ಮಂತ್ರ ಒಲಿಯುತ್ತದೆ. ಆಮೇಲೆ ಊರಿನಿಂದ ತುಸು ದೂರ ಹೋಗಬಹುದು.

ಪ್ರಾಣಶಕ್ತಿ ಅರ್ಧಕ್ಕಿಳಿದಾಗ ತಿರುಗಿ ಬರುವುದು ಒಳ್ಳೆಯದು, ಏಕೆಂದರೆ ಹಿಂದಿರುಗುವ ದಾರಿಯಲ್ಲೂ ಪ್ರಾಣಿಗಳು ಕಾದಿರುತ್ತವೆ. 'ಓಡು' ಎಂಬ ಆಯ್ಕೆಯನ್ನು ನಾಚಿಕೆಯಿಲ್ಲದೆ ಬಳಸಬೇಕು. ಅದೂ ಪ್ರತಿಸಲ ಫಲಿಸುವುದಿಲ್ಲ. ಸತ್ತರೆ ರಾಜನ ಮುಂದೆ ಎಚ್ಚರವಾಗುತ್ತದೆ. ಅರ್ಧ ಹಣ ಹೋಗಿರುತ್ತದೆ, ಅನುಭವ ಮಾತ್ರ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಹಣ ಸೇರಿದೊಡನೆ ಅಂಗಡಿಗೆ ಹೋಗುವುದು ಜಾಣತನ.

ತಂದೆತಾಯಿಯರು ತಿಳಿಯಬೇಕಾದ ಮಾತೊಂದಿದೆ. ಜಪಾನಿನ ಆ ಮೂಲ ಆಟದಲ್ಲಿ ಆಡಿದ್ದನ್ನು ಉಳಿಸಿಕೊಳ್ಳಲು ಅರಮನೆಗೆ ಮರಳಿ, ರಾಜ ಹೇಳುವ 20 ಅಕ್ಷರಗಳ ಮಂತ್ರವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕಿತ್ತು. 'ಊಟಕ್ಕೆ ಏಳೋ' ಎಂದು ಅಪ್ಪ ಸ್ವಿಚ್ ಆರಿಸಿದರೆ ಆ ಸಂಜೆಯದೆಲ್ಲ ಮಣ್ಣುಪಾಲು. ಅಕ್ಷರ ತಪ್ಪಿದರೂ ಅದೇ ಗತಿ. ಜಪಾನಿ ಲಿಪಿಯ 'ನೆ' ಮತ್ತು 'ರೆ', ಕನ್ನಡದ ಪ-ವಗಳ ಹಾಗೆ, ಅವಸರದಲ್ಲಿ ಒಂದೇ ಆಗಿಬಿಡುತ್ತವೆ. 1989ರಲ್ಲಿ ಅಮೆರಿಕಕ್ಕೆ ಹೋದ ಆವೃತ್ತಿಯಲ್ಲಿ ಬ್ಯಾಟರಿಯಿಂದ ನೆನಪಿಡುವ ವ್ಯವಸ್ಥೆ ಬಂತು. ಆದರೂ ರಾಜನ ದರ್ಶನ ತಪ್ಪಲಿಲ್ಲ.

ಹೀಗಾಗಿ ಇಂಥ ಹಳೆಯ ಆಟ ಆಡುವ ಮನೆಯಲ್ಲಿ ಊಟದ ಕರೆ ಹತ್ತು ನಿಮಿಷ ಮೊದಲೇ ಬರಲಿ. ಹುಡುಗ ಅರಮನೆಗೆ ನಡೆದು ಬರಲು ಅಷ್ಟು ಹೊತ್ತು ಬೇಕು. ಮಂತ್ರ ಬರೆದಾದ ಮೇಲೆ ಒಬ್ಬರು ಕಾಗದ ಹಿಡಿದು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪರದೆಯ ಮೇಲೆ ಬೆರಳಿಟ್ಟು ತಾಳೆ ನೋಡಲಿ.